ಎಣಿಸದ ಹಿಂಡು

ಎಂ.ಎ. ಓದಲು ಉದಗೀರದ ಹಾಸ್ಟೆಲಿನಲ್ಲಿ ನನಗೆ ಸೀಟು ಸಿಗಬೇಕಾದರೆ ಮನೆಯ ಆದಾಯದ ದಾಖಲೆ ಬೇಕಿತ್ತು. ಅದು ನಿಲಂಗಾದ ತಹಸೀಲ ಕಚೇರಿಯಿಂದ ಬರುತ್ತದೆ. ಅದಕ್ಕೂ ಮೊದಲು, ಮರಾಠಿ ಸೀಮೆಯ ನಮ್ಮೂರಿನ ಲೆಕ್ಕಪತ್ರ ನೋಡುವ ತಲಾಠಿ ವಿಚಾರಿಸಿ ಬರೆದುಕೊಡಬೇಕು. ಅರ್ಜಿ ಹಾಕಲು ಎರಡೇ ದಿನ ಉಳಿದಿದ್ದವು.

ಆ ಬೆಳಗ್ಗೆ ಬಯಲಲ್ಲಿ ಮಳೆಯ ಮಬ್ಬಿತ್ತು. ನಮ್ಮ ಕುರಿಗಳು ಅದರೊಳಗೆ ಆಗಷ್ಟೇ ಹುಟ್ಟಿ ಹೊರಬರುತ್ತಿರುವಂತೆ ಕಂಡವು. ಅಪ್ಪ ಅವನ್ನು ಎಂದೂ ಎಣಿಸಿದವನಲ್ಲ. ಎಣಿಸಿದರೆ ಹಿಂಡು ಕರಗುತ್ತದೆ ಎಂದು ನಮ್ಮ ಹಿರಿಯರ ಮಾತು. ಒಂದು ಕಡಿಮೆಯಾದರೂ ಮುಖ ನೋಡಿಯೇ ಅವನಿಗೆ ತಿಳಿಯುತ್ತಿತ್ತು. ಶಾಲೆಗೆ ಹೋಗತೊಡಗಿದ ಮೇಲೆ ನಾನು ಮಾತ್ರ ಕಣ್ಣಲ್ಲೇ ಎಣಿಸುತ್ತಿದ್ದೆ, ಯಾರಿಗೂ ಹೇಳದೆ.

ನಾವು ಬಡವರೋ ಅಲ್ಲವೋ ಎಂಬುದು ನನಗೆ ಸ್ಪಷ್ಟವಿರಲಿಲ್ಲ. ಗೊಬ್ಬರಕ್ಕೆಂದು ರಾತ್ರಿ ಹಿಂಡನ್ನು ಹೊಲದಲ್ಲಿ ಕೂಡಿಸಿದರೆ ಹೊಲದವರು ಜೋಳ ಕೊಡುತ್ತಿದ್ದರು. ನಮ್ಮ ಆದಾಯದಲ್ಲಿ ಹೆಚ್ಚಿನದು ಆ ಜೋಳವೇ. "ನಿಮಗೇನ್ ಕಮ್ಮಿ ಬಿಡವ್ವಾ, ನಡದಾಡೋ ಬಂಗಾರ ಐತಿ" ಎಂದು ಆ ಹೊಲದವರ ಮನೆಯ ಹೆಂಗಸರು ಅಮ್ಮನಿಗೆ ಹೇಳುತ್ತಿದ್ದರು. ಹಾಗೆನ್ನುತ್ತ ಚಹಾ ಕೊಡುತ್ತಿದ್ದುದು ಹೊರಗಿನ ಕಟ್ಟೆಯ ಮೇಲೆ.

ತಮ್ಮ ಕಚೇರಿಯಲ್ಲಿ ತಲಾಠಿ ನಮಗೆ ಹೊಲ ಎಷ್ಟೆಂದು ಕೇಳಿದರು. ಇಲ್ಲ ಎಂದ ಅಪ್ಪ.

"ಮತ್ತ ಕುರಿ?"

"ನಮ್ಮ ದೇವ್ರು ಬೀರಪ್ಪ ಕೊಟ್ಟಷ್ಟು ಅವರೀ, ಸಾಹೇಬ್ರ."

"ಸಹಿ ಬೀರಪ್ಪ ಮಾಡ್ತಾನೇನು, ಮಾಮಾ? ಅಂಕಿ ಹೇಳ್ರಿ."

"ಬಾಯಿಬಿಟ್ಟು ಹೇಳಂಗಿಲ್ಲರೀ. ಬಂದು ನೋಡ್ಕೊಳ್ರಿ."

"ನನಗ ಇನ್ನಾ ನಾಕು ಊರು ಅವ. ಖಾಲಿ ಬಿಟ್ರ ನಿಲಂಗಾದಾಗ ವಾಪಸ ಕಳಸ್ತಾರ."

ಫ್ಯಾನು ಬಹಳ ನಿಧಾನವಾಗಿ ತಿರುಗುತ್ತಿತ್ತು. ನಾವು ಮೂವರೂ ನೀರಿನಡಿ ಕುಳಿತಂತಿತ್ತು. ಸಂಖ್ಯೆ ನನ್ನ ನಾಲಿಗೆಯ ಮೇಲಿತ್ತು. ಅಪ್ಪ ನನ್ನತ್ತ ತಿರುಗಿದ. ನಾನು ಎಣಿಸುವುದು ಅವನಿಗೆ ಎಷ್ಟು ವರ್ಷದಿಂದ ಗೊತ್ತಿತ್ತೋ.

"ನೀ ಹೇಳವ್ವಾ," ಎಂದ. "ಮರಾಠ್ಯಾಗ ಹೇಳು. ನಮ್ಮ ಕುರಿಗೋಳಿಗೆ ಮರಾಠಿ ತಿಳ್ಯಂಗಿಲ್ಲ."

ತಲಾಠಿ ನಗಲಿಲ್ಲ. ಅಪ್ಪ ಹೊರಗೆ ಹೋಗಿ ಬೇವಿನ ಕೆಳಗೆ ನಿಂತು, ತನ್ನ ಕಿವಿಗೂ ಬೀಳಬಾರದೆಂದು ಜೋರಾಗಿ ಕೆಮ್ಮತೊಡಗಿದ. ನಾನು ಮೆಲ್ಲಗೆ ಮರಾಠಿಯಲ್ಲಿ ಹೇಳಿದೆ. ತಲಾಠಿ ಏನೋ ಗುಣಿಸಿ, ಬರೆದು, ಸಹಿ ಮಾಡಿದರು. ಆದಾಯ ಹಾಸ್ಟೆಲಿನ ಮಿತಿಯೊಳಗೇ ಇತ್ತು.

"ಬಡವರಂತ ಬರದ್ರೇನು?" ಹೊರಗೆ ಅಪ್ಪ ಕೇಳಿದ.

"ಹೂಂ, ಅಪ್ಪಾ."

"ಬರೀಲಿ ಬಿಡು. ನಿನಗ ಸೀಟ ಸಿಗತೈತಲ್ಲ." ಸ್ವಲ್ಪ ದೂರ ನಡೆದ ಮೇಲೆ, "ಊರಾಗ ಯಾರ ಮುಂದೂ ಹೇಳಬ್ಯಾಡ" ಎಂದ.

ಬಡತನವನ್ನೋ, ಸಂಖ್ಯೆಯನ್ನೋ ಎಂದು ನಾನು ಕೇಳಲಿಲ್ಲ. ಸಂಖ್ಯೆಯನ್ನು ಇಲ್ಲಿಯೂ ಬರೆಯುತ್ತಿಲ್ಲ.