ಹಮ್ಮಿಗಿಯ ನರ್ಸಬಾಯಿ ಕೇಳಿಸಿದ ಎದೆಬಡಿತ

ಹಮ್ಮಿಗಿಯ ಆರೋಗ್ಯ ಉಪಕೇಂದ್ರದ ನರ್ಸ್ ಸಾವಂತ್ರೆವ್ವ ಇಪ್ಪತ್ತೆಂಟು ವರ್ಷ ಬಸುರಿಯರ ಎದೆಗೆ, ಹೊಟ್ಟೆಗೆ ಕಿವಿಗೊಟ್ಟವಳು. ಈಚೆಗೆ ಸಣ್ಣ ಸದ್ದುಗಳು ಅವಳಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಕಿವಿ ಮಂದವಾದ ನರ್ಸನ್ನು ಯಾರು ನಂಬಿಯಾರು ಎಂಬ ಅಳುಕಿಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೇಂದ್ರಕ್ಕೆ ಹೊಸ ಸ್ಟೆತಸ್ಕೋಪ್ ಬಂತು. ಎದೆಯ ಸದ್ದನ್ನು ಅದು ದೊಡ್ಡದು ಮಾಡಿ ಮೊಬೈಲಿಗೆ ಕಳಿಸುತ್ತಿತ್ತು. ಅದರೊಳಗಿನ ಕೃತಕ ಬುದ್ಧಿಮತ್ತೆಗೆ ಅನುಮಾನ ಬಂದರೆ ಕೆಂಪು ಗುರುತು ಮೂಡುತ್ತಿತ್ತು.

ಆ ವಾರವೇ ಏಳು ತಿಂಗಳ ಬಸುರಿ ಶಾಹಿಸ್ತಾ ಅತ್ತೆ ಮೋತಿಬಿಯ ಜೊತೆ ಬಂದಳು. ನಾಲ್ಕು ಹೆಜ್ಜೆಗೇ ಏದುಸಿರು. ಸಾವಂತ್ರೆವ್ವ ಪರೀಕ್ಷಿಸಿದಾಗ ಕೆಂಪು ಗುರುತು ಕಂಡಿತು. ಹಿಂದಿನ ತಿಂಗಳು ಇದೇ ಎದೆಯನ್ನು ಕೇಳಿ ಎಲ್ಲ ಸರಿಯಿದೆ ಎಂದವಳು ಅವಳೇ.

“ಗದಗಕ್ಕ ಹೋಗಿ ದೊಡ್ಡ ಡಾಕ್ಟರ್ ಕಡೆ ತೋರಸ್ರಿ,” ಎಂದಳು.

“ಬಸುರಾದಾಗ ಇದೆಲ್ಲಾ ಇದ್ದದ್ದ ಬಿಡ್ರಿ ಬಾಯಾರ,” ಎಂದು ಮೋತಿಬಿ ಏಳಲು ಹೊರಟಳು. “ಹೋದ ತಿಂಗಳು ನೀವ ಛಲೋ ಐತಿ ಅಂದಿದ್ರಿ. ಈಗ ಮೊಬೈಲ್ ಹೇಳಿದ್ದ ಖರೆ ಏನು?”

ಸಾವಂತ್ರೆವ್ವ ಅವಳ ಭುಜ ಹಿಡಿದು ಮತ್ತೆ ಕೂರಿಸಿದಳು.

“ನನ್ನ ಕಿವಿ ಮಂದ ಆಗ್ಯಾವು ಮೋತಿಬಿ. ಆವಾಗ ನನಗ ಕೇಳಸಲಿಲ್ಲ, ತಪ್ಪಾತು. ಇವತ್ತ ನೀವ ಕೇಳಿ ನೋಡ್ರಿ.”

ಫ್ಯಾನ್ ಆರಿಸಿ ಮೊಬೈಲಿನ ದನಿ ಏರಿಸಿದಳು. ಮೊದಲು ಮೋತಿಬಿಯ ಎದೆ, ಗಟ್ಟಿಯಾಗಿ ಲಬ್-ಡಬ್ ಎಂದಿತು. ಆಮೇಲೆ ಶಾಹಿಸ್ತಾಳದು. ಬಡಿತಗಳ ನಡುವೆ ಸುಂಯ್ ಎಂದು ಗಾಳಿ ಸೋರಿದ ಹಾಗೆ ಸದ್ದು. ಮೋತಿಬಿ ಮತ್ತೊಮ್ಮೆ ಕೇಳಿದಳು. ಸೊಸೆಯ ಕೈ ಹಿಡಿದುಕೊಂಡು, “ಗದಗ ಬಸ್ ಎಷ್ಟಕ್ಕ ಐತ್ರಿ?” ಎಂದಳು.

ಸಾವಂತ್ರೆವ್ವನೂ ಜೊತೆಗೆ ಹೋದಳು. ಗದಗಿನ ಡಾಕ್ಟರು ಹೃದಯದ ಕವಾಟ ಸೋರುತ್ತಿದೆ, ಗುಳಿಗೆ ತೆಗೆದುಕೊಂಡು ಆಗಾಗ ತೋರಿಸುತ್ತಿದ್ದರೆ ಭಯವಿಲ್ಲ ಎಂದರು. ಹೊರಬಂದ ಮೋತಿಬಿ, “ಈಗ ನಿಮ್ಮ ಕಿವಿ ತೋರಸ್ರಿ, ನಡೀರಿ,” ಎಂದು ಸಾವಂತ್ರೆವ್ವನನ್ನೇ ಎಳೆದುಕೊಂಡು ಹೋದಳು.

ಗದಗಿನಲ್ಲೇ ಹೆರಿಗೆಯಾಯಿತು. ಹೆಣ್ಣುಮಗು; ತಾಯಿ, ಕೂಸು ಇಬ್ಬರೂ ಆರಾಮ. ಮೋತಿಬಿ ಓಣಿತುಂಬ ಸಕ್ಕರೆ ಹಂಚುತ್ತ ನರ್ಸಬಾಯಿ ಎದೆಬಡಿತ ಕೇಳಿಸಿದ ಖಬರನ್ನೂ ಹಂಚಿದಳು. ಮರುದಿನ ಹೆಂಗಸರ ದಂಡೇ ಉಪಕೇಂದ್ರದ ಮುಂದೆ ನಿಂತಿತ್ತು, ತಂತಮ್ಮ ಎದೆ ಕೇಳಿಸಿಕೊಳ್ಳಲು. ಕೇಳಿದವರು ನಕ್ಕರು, ಎದ್ದು ಹೋಗಲಿಲ್ಲ. ಒಬ್ಬಳು ಮಂಡಿನೋವಿನ ಮಾತೆತ್ತಿದಳು, ಇನ್ನೊಬ್ಬಳು ಯಾರಿಗೂ ಹೇಳದ ಚಿಂತೆಯೊಂದನ್ನು ಮೆಲ್ಲಗೆ ತೆಗೆದಳು. ಸಾವಂತ್ರೆವ್ವ ಮೊಬೈಲನ್ನು ಬದಿಗಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.