ಹಾಗರಳ ಹಣೆಯ ಕುಂಕುಮ

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಕನ್ಸರ್ವೇಟರ್ ಆಗಿದ್ದೆ. ಹಳೆಯ ಕಾಗದ, ನಕ್ಷೆ, ಚಿತ್ರಗಳು ಇನ್ನಷ್ಟು ಕಾಲ ಬಾಳುವಂತೆ ಮಾಡುವ ಕೆಲಸ. ಕಣ್ಣು ಸೋತಿತ್ತು, ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಆಗ ಟಿ. ನರಸೀಪುರದ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಸಣ್ಣ ಆಸ್ಪತ್ರೆಯಿಂದ ಕರೆ ಬಂತು. ಜಲವರ್ಣದ ಚಿತ್ರವೊಂದು ಬೆಂಗಳೂರಿನ ಪ್ರದರ್ಶನಕ್ಕೆ ಹೋಗಬೇಕು, ಅದರ ಮೇಲೆ ಕೊಳೆಯಿದೆ, ಬಂದು ತೆಗೆದುಕೊಡಿ ಎಂದರು. ಇನ್ನೊಂದು ಕೊಳೆ, ಇನ್ನೊಂದು ಬಸ್ಸು ಎಂದು ಗೊಣಗಿಕೊಂಡೇ ಹೊರಟೆ.

ಚಿತ್ರ ಹೆರಿಗೆ ವಾರ್ಡಿನ ಹೊರಗಿನ ಗೋಡೆಯಲ್ಲಿತ್ತು. ಗಾಜು ಎಂದೋ ಒಡೆದುಹೋಗಿ, ಬರಿಯ ಚೌಕಟ್ಟು ಉಳಿದಿತ್ತು. ಬೈಬಲಿನ ಹಾಗರಳ ಕಥೆ ಅದರ ವಸ್ತು. ಅಬ್ರಹಾಮನು ದಾಸಿ ಹಾಗರಳನ್ನೂ ಅವಳಲ್ಲಿ ತನಗೆ ಹುಟ್ಟಿದ ಮಗನನ್ನೂ ಮನೆಯಿಂದ ಕಳಿಸಿಬಿಡುತ್ತಾನೆ. ಮರಳುಗಾಡಿನಲ್ಲಿ ನೀರು ಮುಗಿಯುತ್ತದೆ. ಮಗು ಸಾಯುವುದನ್ನು ನೋಡಲಾರದೆ ಅವಳು ಅದನ್ನು ಪೊದೆಯ ಕೆಳಗೆ ಮಲಗಿಸಿ, ದೂರ ಕೂತು ಅಳುತ್ತಾಳೆ. ಬಾವಿ ಕಣ್ಣಿಗೆ ಬೀಳುವುದು ಆಮೇಲೆ.

ಬರೆದವರು ಬಹಳ ಹಿಂದೆ ಅಲ್ಲಿ ನರ್ಸ್ ಆಗಿದ್ದ ಒಬ್ಬ ವಿದೇಶಿ ಸಿಸ್ಟರ್. ಆಧುನಿಕ ಶೈಲಿ. ಮರಳುಗಾಡು ಎಂದರೆ ಕಾವಿ ಬಣ್ಣದ ಒಂದೆರಡು ಪಟ್ಟಿ, ಪೊದೆ ಎಂದರೆ ನಾಲ್ಕು ಗೀಟು, ಅದರಡಿಯ ಮಗು ಎಂದರೆ ಒಂದು ಚುಕ್ಕೆ. ಹಾಗರಳ ಮುಖ ನೀಲಿಯ ತೆಳು ಲೇಪ ಅಷ್ಟೇ, ಕಣ್ಣಿಲ್ಲ, ಮೂಗಿಲ್ಲ. ಸೆರಗನ್ನು ಮಾತ್ರ ನಮ್ಮ ಕಡೆಯ ಹೆಂಗಸರ ಹಾಗೆ ತಲೆಗೆ ಹೊದ್ದಿದ್ದಳು. ಆ ನೀಲಿಯ ನಡುವೆ, ಹಣೆ ಇರಬೇಕಾದ ಕಡೆ, ಕಾಸಿನಗಲ ಕುಂಕುಮ. ಅವರು ಹೇಳಿದ ಕೊಳೆ ಅದೇ.

ಜಲವರ್ಣದ ತೊಂದರೆ ಏನೆಂದರೆ, ಒಣಗಿ ಎಷ್ಟು ವರ್ಷವಾದರೂ ನೀರು ತಾಗಿದರೆ ಅದು ಮತ್ತೆ ಕರಗುತ್ತದೆ. ಕುಂಕುಮವನ್ನು ಎಣ್ಣೆ ಬೆರಳಿನಲ್ಲಿ ಇಟ್ಟಿದ್ದರು. ಎಣ್ಣೆಯ ಜೊತೆ ಕೆಂಪೂ ಕಾಗದದೊಳಕ್ಕೆ ಇಳಿದಿತ್ತು. ಎಣ್ಣೆಯನ್ನು ಸಾಲ್ವೆಂಟ್‌ನಿಂದ ತೆಗೆಯಬಹುದು. ಕೆಂಪು ಬಿಡಬೇಕಾದರೆ ನೀರು ಬೇಕು, ನೀರು ಬಿದ್ದರೆ ನೀಲಿಯೂ ಹೋಗುತ್ತದೆ. ಹೋದ ಜಾಗಕ್ಕೆ ಅದೇ ನೀಲಿ ಕಲಸಿ ತುಂಬಬೇಕು. ಇದಕ್ಕೆ ರೀಟಚಿಂಗ್ ಎನ್ನುತ್ತಾರೆ. ನನ್ನ ಕೈಗೆ ಒಗ್ಗಿದ ಕೆಲಸ. ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಹತ್ತಿಯ ಕಡ್ಡಿ ಕೈಗೆತ್ತಿಕೊಂಡಿದ್ದೆ. ಬಾಗಿಲಲ್ಲಿ ಒಬ್ಬ ಮುದುಕಿ ಏದುಸಿರು ಬಿಡುತ್ತಾ ಬಂದು ನಿಂತಳು. ಹೆಮ್ಮರಗಾಲದ ಪುಟ್ಟತಾಯಮ್ಮ. ಆಯಾ ಒಬ್ಬಳು ಸುದ್ದಿ ಮುಟ್ಟಿಸಿದ್ದಳಂತೆ. ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು.

“ಅದ ಅಳಿಸ್ಬೇಡಿ ಸಾ. ಅದು ನಮ್ಮವ್ವ. ಗಿಡದ ಕೆಳಗೆ ಮಲ್ಗಿರೋ ಕೂಸು ನಾನೇಯ.”

ಅವಳ ತಾಯಿ ಕೆಂಪಮ್ಮ ಹೆರಿಗೆಗೆಂದು ಬಂದವಳು, ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ನಿಂತಳಂತೆ. ಆ ಸಿಸ್ಟರ್ ಅವಳನ್ನು ಬಾವಿಯ ಬಳಿ ಕೂರಿಸಿ ಚಿತ್ರ ಬರೆದರಂತೆ. ಮಗಳು ಹೆಜ್ಜೆ ಇಡುವ ಮೊದಲೇ ಕೆಂಪಮ್ಮ ಜ್ವರದಲ್ಲಿ ಹೋದಳು. ಅಪ್ಪ ಬೇರೆ ಮದುವೆಯಾದ. ಎಲ್ಲಾ ಅಜ್ಜಿ ಹೇಳಿದ್ದು. ಕೆಂಪಮ್ಮನ ಒಂದು ಫೋಟೋ ಕೂಡ ಇರಲಿಲ್ಲ.

“ಪಿತೃಪಕ್ಷದಲ್ಲಿ ನನ್ ಗಂಡನ ಮನೇಲಿ ಅತ್ತೆಮಾವಂಗೆ ಎಡೆ ಇಕ್ತಾರೆ. ಅಪ್ಪನ ಮನೇಲಿ ಎರಡ್ನೆ ಎಂಡ್ತಿ ಮಕ್ಳು ಅವರವ್ವಂಗೆ ಇಕ್ತಾರೆ. ನಮ್ಮವ್ವಂಗೆ ಯಾರ್ ಇಕ್ಕಾರು? ಅದ್ಕೆ ಇಲ್ಲಿಗ್ ಬತ್ತೀನಿ.”

ತೀರಿಹೋದ ಹಿರಿಯರ ಮುಂದೆ ಎಲೆ ಹಾಕಿ ಅವರ ಇಷ್ಟದ ಅಡುಗೆ ಬಡಿಸುವುದೇ ಎಡೆ. ಪ್ರತಿ ವರ್ಷ ಅವಳು ಕಜ್ಜಾಯ, ವಡೆ ಕಟ್ಟಿಕೊಂಡು ಬಂದು ಹಾಗರಳ ಕೆಳಗೆ ಎಲೆ ಹಾಕುತ್ತಿದ್ದಳು. ಹಣೆಗೆ ಕುಂಕುಮ ಇಡುತ್ತಿದ್ದಳು. ಆಮೇಲೆ ಕಜ್ಜಾಯ ನರ್ಸುಗಳ ಪಾಲು. ಹಾಗಾಗಿ ಯಾರೂ ತಕರಾರು ಎತ್ತಿರಲಿಲ್ಲ.

ಆಸ್ಪತ್ರೆಯ ಮುಖ್ಯಸ್ಥೆ ಸಿಸ್ಟರ್ ಲೂಸಿ ಹೊಸಬರು. “ಇದು ಹಾಗರ್, ಇವರ ತಾಯಿ ಅಲ್ಲ ಸರ್. ಬೈಬಲ್‌ನಲ್ಲಿ ಅದು ಗಂಡುಮಗು ಬೇರೆ,” ಎಂದರು.

ನಾನೂ ಬೇಸತ್ತು ಕೇಳಿದೆ: “ಇದಕ್ಕೆ ಮುಖವೇ ಇಲ್ವಲ್ಲಮ್ಮ?”

“ಅದ್ಕೇ ಕುಂಕುಮ ಇಕ್ಕೋದು ಸಾ. ಇಲ್ದಿದ್ರೆ ನಾನ್ ಎಲ್ಲಿ ನೋಡ್ಲಿ?” ಎಂದಳು. “ಅವ್ವ ಮುತ್ತೈದೆಯಾಗಿ ಓದೋಳು. ನೀವು ಈಗ ಅಣೆ ಬೋಳು ಮಾಡ್ಬುಟ್ಟೀರಾ?”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಸದ್ದಿಲ್ಲದೆ ಮನೆಗೆ ಹೋಗುವ ವಯಸ್ಸಿನಲ್ಲಿ ಇಂಥದ್ದು ನನ್ನ ಮೇಜಿಗೇ ಏಕೆ ಬರಬೇಕು ಅನ್ನಿಸಿತು. ಹತ್ತಿಯ ಕಡ್ಡಿ ಕೆಳಗಿಟ್ಟು, “ಇದನ್ನು ತೆಗೆದರೆ ಕೆಳಗಿನ ಬಣ್ಣವೂ ಹೋಗುತ್ತದೆ ಸಿಸ್ಟರ್, ನಾನು ತೆಗೆಯುವುದಿಲ್ಲ,” ಎಂದೆ. ರೀಟಚಿಂಗ್ ಮಾತು ಎತ್ತಲಿಲ್ಲ.

ಧೂಳು, ಬೂಷ್ಟು ತೆಗೆದೆ. ಕಾಗದಕ್ಕೆ ಗಾಜು ತಾಗದಂತೆ ಸುತ್ತ ದಪ್ಪ ರಟ್ಟಿನ ಅಂಚು ಕಟ್ಟಿ, ಹೊಸ ಗಾಜು ಕೂರಿಸಿದೆ. ಕುಂಕುಮವಿರುವ ಹಾಗರಳನ್ನು ಪ್ರದರ್ಶನದವರು ಒಪ್ಪಲಿಲ್ಲ. ಚಿತ್ರ ಹಳೆಯ ಗೋಡೆಗೇ ಹೋಯಿತು. ಸಿಸ್ಟರ್ ಲೂಸಿ ನನಗೆ ಮತ್ತೆ ಫೋನ್ ಮಾಡಲಿಲ್ಲ. ಆ ಹೆಂಗಸಿಗೆ ಅವಳ ತಾಯಿಯನ್ನು ಉಳಿಸಿಕೊಟ್ಟೆ ಎಂಬ ಹೆಮ್ಮೆ ಮಾತ್ರ ನನ್ನೊಳಗೆ ಬೆಚ್ಚಗೆ ಕೂತಿತ್ತು.

ಮುಂದಿನ ಪಿತೃಪಕ್ಷಕ್ಕೆ ನಾನು ನಿವೃತ್ತ. ನೆಂಟರನ್ನು ಸೋಮನಾಥಪುರ ತೋರಿಸಲು ಕರೆದುಕೊಂಡು ಹೋದವನು, ಅವರನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೋದೆ. ಪುಟ್ಟತಾಯಮ್ಮ ಎಲೆ ಹಾಕಿ ಮುಗಿಸಿದ್ದಳು. ಗಾಜಿನ ಮೇಲೆ ಹೊಸ ಕುಂಕುಮವಿತ್ತು. ನಾನು ನಿಂತ ಓರೆಯಿಂದ ನೋಡಿದರೆ ಹಣೆಯ ಕುಂಕುಮ ಬೇರೆ, ಗಾಜಿನ ಕುಂಕುಮ ಬೇರೆ. ನನ್ನ ಕೈಗೆ ಕಜ್ಜಾಯ ಕೊಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಚೆನ್ನಾಗ್ ಮಾಡಿದ್ದೀರಿ ಸಾ. ಗಾಜು ಆಕ್ಬುಟ್ರಲ್ಲ, ಇನ್ ಅವ್ವನ್ನ ಮುಟ್ಟಂಗಿಲ್ಲ, ಅಷ್ಟೇಯ.”

ಸೇವೆಯುದ್ದಕ್ಕೂ ಎಷ್ಟೋ ವಸ್ತುಗಳನ್ನು ಕಾಪಾಡಿದೆ ಎಂದುಕೊಂಡಿದ್ದೆ. ಒಂದೊಂದನ್ನು ಕಾಪಾಡಿದಾಗಲೂ ಅದನ್ನು ಮುಟ್ಟುತ್ತಿದ್ದ ಕೈಯೊಂದನ್ನು ದೂರ ಸರಿಸಿದ್ದೆ ಎಂದು ಹೇಳಲು ಅವಳೇ ಬೇಕಾಯಿತು.