ಹೊತ್ತು ಮುಳುಗುವ ಮುಂಚೆ ಒಂದು ಹಗ್ಗಜಗ್ಗಾಟ

ನನ್ನ ಗೆಳತಿಯೊಬ್ಬಳು ಕೊರಿಯಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅಲ್ಲಿಯ ಕ್ರೀಡಾದಿನಕ್ಕೆ ಅಪ್ಪ ಅಮ್ಮಂದಿರೂ ಬಂದು ಮಕ್ಕಳ ಜೊತೆ ಹಗ್ಗ ಎಳೆಯುತ್ತಾರೆಂದೂ, ಒಂದಕ್ಷರ ಅರ್ಥವಾಗದಿದ್ದರೂ ತಾನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆನೆಂದೂ ಫೋನಿನಲ್ಲಿ ಹೇಳಿದಳು. ನನಗೆ ಹೊಟ್ಟೆಕಿಚ್ಚಾಯಿತು. ತೋರಿಸಿಕೊಳ್ಳದೆ, ಪರದೇಶ ನೋಡಲು ಅಷ್ಟು ದೂರ ಯಾಕಮ್ಮ ಹೋಗಬೇಕು, ಮೈಸೂರಿನಿಂದ ನಿಪ್ಪಾಣಿ ಕಡೆಗೆ ಬಸ್ಸು ಹತ್ತಿದರೆ ಸಾಕು ಎಂದೆ.

ನಾನು ಮೈಸೂರಿನವಳು. ನಿಪ್ಪಾಣಿ ಕಡೆಯ, ಮಹಾರಾಷ್ಟ್ರದ ಗಡಿಗೆ ಅಂಟಿದ ಭೋಜದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಬಂದಾಗ, ಕನ್ನಡ ಬರುತ್ತದಲ್ಲ, ಇನ್ನೇನು ಬೇಕು ಎಂಬ ಧೈರ್ಯವಿತ್ತು. ಮೊದಲ ವಾರದಲ್ಲೇ ಆ ಧೈರ್ಯ ಸಡಿಲಾಯಿತು. ಕನ್ನಡದಲ್ಲಿ ಶುರುವಾದ ಮಾತನ್ನು ಮಕ್ಕಳು ಮರಾಠಿಯಲ್ಲಿ ಮುಗಿಸುತ್ತಿದ್ದರು. ನಾನು ಬಾಯಿ ಬಿಟ್ಟರೆ ಸಾಕು, ಹಿಂದಿನ ಬೆಂಚಿನಲ್ಲಿ ನಗು.

ಇಂಥ ನನಗೆ ಹೆಡ್ ಮಾಸ್ತರರು ಕ್ರೀಡಾದಿನದ ಏರ್ಪಾಡನ್ನು ಒಪ್ಪಿಸಿದರು. ದೀಪಾವಳಿಯಲ್ಲಿ ದೊಡ್ಡ ಪಟಾಕಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದ ಬುದ್ಧಿ ನನ್ನದು. ಹಾಗಾಗಿ ತಾಯಂದಿರಿಗೂ ಶಿಕ್ಷಕರಿಗೂ ನಡೆಯುವ ಹಗ್ಗಜಗ್ಗಾಟವನ್ನು ದಿನದ ಕಟ್ಟಕಡೆಗೆ ಇಟ್ಟೆ. ಅದು ಪ್ರತಿ ವರ್ಷ ಬೆಳಗಿನ ಹೊತ್ತೇ ನಡೆಯುತ್ತಿತ್ತಂತೆ. ಯಾಕೆಂದು ನಾನು ಕೇಳಲಿಲ್ಲ. ಅಕ್ಕೋರು, ಅಂದರೆ ಟೀಚರು, ಕಲಿತವರು, ಏನೋ ಲೆಕ್ಕ ಹಾಕಿರಬೇಕು ಎಂದು ಊರವರೂ ಹೇಳಲಿಲ್ಲ. ಅತಿಥಿಗಳ ಭಾಷಣ ಲಂಬಿಸಿತು. ಲೇಜಿಮ್ ಕುಣಿತಕ್ಕೆ ಮತ್ತೊಮ್ಮೆ, ಮಗದೊಮ್ಮೆ ಎಂಬ ಒತ್ತಾಯ ಬಂತು. ಚಳಿಗಾಲದ ಸೂರ್ಯ ಕಬ್ಬಿನ ಗದ್ದೆಯ ಕಡೆ ಇಳಿಯುವ ಹೊತ್ತಿಗೆ ನಾವು ಹಗ್ಗ ಬಿಚ್ಚಿದೆವು.

ಈ ಹಗ್ಗಜಗ್ಗಾಟ ಒಂದು ಕಾಲಕ್ಕೆ ಒಲಿಂಪಿಕ್ಸ್‌ನಲ್ಲೂ ಇತ್ತು. ಯಾಕೆ ತೆಗೆದರೋ ತಿಳಿಯದು. ಹಿಂದೆ ಹಿಂದೆ ಹೋದವರು ಗೆಲ್ಲುವ ಇಂಥ ಆಟವನ್ನು ಮುಂದೆ ಹೋಗುವ ಆತುರದ ಜನ ಸಹಿಸಲಿಲ್ಲವೋ ಏನೋ. ನನಗಂತೂ ಅದು ಹೇಳಿ ಮಾಡಿಸಿದ ಆಟ. ಓಟದಲ್ಲಿ ನಾನು ಯಾವಾಗಲೂ ಹಿಂದೆಯೇ ಇರುತ್ತಿದ್ದೆ, ಆದರೆ ಅದಕ್ಕೆ ಯಾರೂ ಬಹುಮಾನ ಕೊಟ್ಟಿರಲಿಲ್ಲ.

ತಾಯಂದಿರು ಈವರೆಗೆ ಒಮ್ಮೆಯೂ ಶಿಕ್ಷಕರನ್ನು ಸೋಲಿಸಿರಲಿಲ್ಲ. ಈ ಸಲ ಅವರ ಹಗ್ಗದ ತುದಿಗೆ ಸುಮತಕ್ಕ ನಿಂತಿದ್ದರು. ಜೈನರ ಮನೆಯ ಸೊಸೆ, ಹೊಲ ಎಮ್ಮೆ ಎರಡನ್ನೂ ನೋಡಿಕೊಳ್ಳುವ ಗಟ್ಟಿ ಹೆಂಗಸು. ಬೆಳಗಿನಿಂದ ಮಕ್ಕಳಿಗೆ ಅವಲಕ್ಕಿ ಹಂಚುವ ಗಡಿಬಿಡಿಯಲ್ಲಿ ತಾವೇ ಉಂಡಿರಲಿಲ್ಲ. ಅವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಶಿಕ್ಷಕರ ಸಾಲಿನ ಮುಂದಿದ್ದ ನನ್ನ ಮೂಗಿಗೆ ಮೂಗು ಕೊಟ್ಟಂತೆ, ಕುರಿ ಸಾಕುವ ಲಕ್ಕವ್ವ. ಮೊದಲ ಸುತ್ತು ನಮಗೆ, ಎರಡನೆಯದು ಅವರಿಗೆ. ಮೂರನೆಯದರಲ್ಲಿ ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಆಗ ಬಯಲಿನ ಅಂಚಿನಿಂದ ಸುಮತಕ್ಕನ ಅತ್ತೆ ಕೂಗಿ ಕರೆದರು. "ಸುಮತಿ, ಹೊತ್ತ ಮುಳಗಾಕತ್ತೈತಿ. ಬಂದ ಉಣ್ಣು."

ತಾಯಂದಿರ ಮುಖ ಬಾಡಿತು. ನನಗೆ ತಲೆಬುಡ ತಿಳಿಯಲಿಲ್ಲ. ಲಕ್ಕವ್ವ ಹಗ್ಗ ಬಿಡದೆ, ಏದುಸಿರಿನ ನಡುವೆಯೇ ನನಗೆ ಪಾಠ ಮಾಡಿದಳು. "ಹೊತ್ತ ಮುಳಗಿದ ಮ್ಯಾಲ ಅವ್ರು ಉಣ್ಣಂಗಿಲ್ರಿ ಅಕ್ಕೋರ. ಈಗ ಉಣಲಿಲ್ಲಂದ್ರ ನಾಳಿ ಮುಂಜಾನಿತನಕ ಉಪಾಸ."

ಸುಮತಕ್ಕ ಹಗ್ಗ ಬಿಟ್ಟರೆ ತಾಯಂದಿರು ಸೋತಂತೆ. ಬಿಡದಿದ್ದರೆ ದಿನವಿಡೀ ದುಡಿದ ಹೆಂಗಸು ರಾತ್ರಿಯೆಲ್ಲ ಹಸಿದು ಮಲಗಬೇಕು. ಎರಡಕ್ಕೂ ಕಾರಣ ನನ್ನ ದೊಡ್ಡ ಪಟಾಕಿ. ಅವರು ಮಾತ್ರ ಹಲ್ಲು ಕಚ್ಚಿ ನಿಂತೇ ಇದ್ದರು. ಹೆಡ್ ಮಾಸ್ತರರು ಬಾಯಲ್ಲಿ ಸೀಟಿ ಇಟ್ಟುಕೊಂಡು ನನ್ನತ್ತ ನೋಡಿದರು. ನಿಯಮಗಳೆಲ್ಲ ನನಗೆ ಬಾಯಿಪಾಠ. ಊಟದ ವಿಚಾರ ಅವುಗಳಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ನನ್ನ ಮೈಸೂರು ಕನ್ನಡದಲ್ಲೇ, ಎಲ್ಲರೂ ಇದ್ದಲ್ಲೇ ಕೂತ್ಕೊಳ್ಳಿ, ಹಗ್ಗ ತೊಡೆ ಮೇಲಿರಲಿ, ಊಟ ಇಲ್ಲಿಗೇ ಬರಲಿ ಎಂದೆ.

ಊಟ ಬಂತು. ಸುಮತಕ್ಕನ ಅತ್ತೆಯ ಗಂಟಿನಲ್ಲಿ ಒಬ್ಬರಿಗೆ ಸಾಲುವಷ್ಟಲ್ಲ, ಊರಿಗೇ ಸಾಲುವಷ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಬ್ಬರೇ ಹೇಗೆ ಉಣ್ಣುತ್ತಾರೆ ಎಂದು ಎಲ್ಲರ ಕೈಗೂ ರೊಟ್ಟಿ ಬಿತ್ತು, ನಮ್ಮ ಕಡೆಯವರಿಗೂ. ತೊಡೆಯ ಮೇಲೆ ಹಗ್ಗ, ಅಂಗೈಯಲ್ಲಿ ರೊಟ್ಟಿ, ಎದುರಿಗೆ ಕೆಂಪು ಸೂರ್ಯ. ಅಷ್ಟು ರುಚಿಯಾಗಿ ನಾನು ಎಂದೂ ಉಂಡಿಲ್ಲ. ಸುಮತಕ್ಕ ಕೊನೆಯ ತುತ್ತು ಮುಗಿಸಿ, ನೀರು ಕುಡಿದು, ಬಾಯಿ ಒರೆಸಿಕೊಂಡರು. ಸೂರ್ಯ ಕಬ್ಬಿನಲ್ಲಿ ಇಳಿದ.

ಎಲ್ಲರೂ ಎದ್ದು ಸೆರಗು, ಪ್ಯಾಂಟು ಕೊಡವಿಕೊಂಡರು. ಹೆಡ್ ಮಾಸ್ತರರು ಸೀಟಿ ಊದುವಷ್ಟರಲ್ಲಿ ಲಕ್ಕವ್ವ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಅಕ್ಕೋರ, ನಮ್ಮ ಕಡಿ ರೊಟ್ಟಿ ಉಂಡೀರಿ. ಇನ್ನ ಯಾರ ಕಡಿ ಜಗ್ಗತೀರಿ?"

ಉತ್ತರ ನನ್ನ ಕಾಲುಗಳಲ್ಲಿತ್ತು. ಗೆರೆ ದಾಟಿ ಅವಳ ಹಿಂದೆ ನಿಂತು ಹಗ್ಗ ಹಿಡಿದೆ. ಸೀಟಿ ಊದಿದಾಗ ನನ್ನ ಸಹೋದ್ಯೋಗಿಗಳು ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಮಣ್ಣಿಗೆ ಬಿದ್ದರು. ತಾಯಂದಿರು ಗೆದ್ದರು. ನಿಯಮದ ಪ್ರಕಾರ ಅದು ಗೆಲುವಲ್ಲ. ಆದರೆ ನಿಯಮ ಬಲ್ಲವಳು ಗೆದ್ದವರ ಕಡೆಯಲ್ಲಿದ್ದಳು. ಮದುವೆಯೇ ಆಗದ ನಾನು ತಾಯಂದಿರ ತಂಡದ ಫೋಟೋದಲ್ಲಿ ಹಲ್ಲು ಕಿರಿದು ನಿಂತಿದ್ದೇನೆ. ಈ ಊರಿಗೆ ಬಂದ ಮೇಲೆ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಗೆದ್ದವರಿಗೆ ಹೆಡ್ ಮಾಸ್ತರರು ಪೇಡೆ ಹಂಚಿದರು. ಸುಮತಕ್ಕ ತಮ್ಮ ಪೇಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮುಂಜಾನೆ ತಿನ್ನುತ್ತೇನೆ ಎಂದರು. ಲಕ್ಕವ್ವನೂ, ಒಬ್ಬೊಬ್ಬರಾಗಿ ಉಳಿದವರೂ ತಮ್ಮ ತಮ್ಮ ಪೇಡೆಯನ್ನು ಗಂಟು ಹಾಕಿಕೊಂಡರು. ನಾನೂ ಕಟ್ಟಿಕೊಂಡೆ. ಸಿಹಿಯ ವಿಷಯದಲ್ಲಿ ನನಗೆ ತಾಳ್ಮೆ ಎಂಬುದೇ ಇಲ್ಲ. ಆದರೂ ರಾತ್ರಿ ಕಾದೆ. ಮರುದಿನ ಸೂರ್ಯ ಕಂಡದ್ದೇ ತಡ, ಹಲ್ಲು ಕೂಡ ಉಜ್ಜದೆ ತಿಂದೆ. ಊರಿನ ಅಷ್ಟೂ ಅಡುಗೆಮನೆಗಳಲ್ಲಿ ನಮ್ಮ ತಂಡದವರು ಅದೇ ಹೊತ್ತಿಗೆ ತಿನ್ನುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು.